ಅಣಕು ಪರೀಕ್ಷೆಗೆ ಹದಿನಾಲ್ಕು ಸೂಚನೆಗಳು

೮ ಜನವರಿ ೨೦೨೫, ಬುಧವಾರ

ಮಂಡ್ಯ ನಗರ, ಗುತ್ತಲು ಬಡಾವಣೆಯ ನಿವಾಸಿಯೂ, ಒಂಬತ್ತನೇ ತರಗತಿಯ ಮೂರನೇ ಬೆಂಚಿನ ಖಾಯಂ ಸದಸ್ಯಳೂ ಆದ ತೇಜಸ್ವಿನಿ ಉರುಫ್ ತೇಜು ಎಂಬ ನಾನು, ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಪ್ರಜ್ಞೆಯಿಂದ ಈ ದಿನಚರಿಯನ್ನು ಲೋಕಾರ್ಪಣೆ ಮಾಡುತ್ತಿದ್ದೇನೆ. ಲೋಕವೆಂದರೆ ನಾನೊಬ್ಬಳೇ. ಅಣ್ಣ ಹೇಮಂತ್ ಇದನ್ನು ಮುಟ್ಟಿದರೆ ಅವನ ಕೈ ಬಿದ್ದುಹೋಗಲಿ.

ಡೈರಿಯನ್ನು ಗೆಜ್ಜಲಗೆರೆಯ ಫ್ಯಾಕ್ಟರಿಯವರು ಅಪ್ಪನಿಗೆ ಹೊಸ ವರ್ಷಕ್ಕೆ ಕೊಟ್ಟದ್ದು. ಪ್ರತಿ ಪುಟದ ಕೆಳಗೆ ಒಂದೊಂದು ಸುರಕ್ಷತಾ ಸೂಕ್ತಿ ಇದೆ. ಇವತ್ತಿನದು: ‘ಯಂತ್ರದ ಮುಂದೆ ಹಾಸ್ಯ ಬೇಡ.’ ನಮ್ಮ ಮನೆಯಲ್ಲಿ ಇರುವ ಯಂತ್ರ ಮಿಕ್ಸಿ ಒಂದೇ. ಪಾಲಿಸುತ್ತೇನೆ.

ಇಂದಿನ ಮುಖ್ಯ ಸುದ್ದಿ: ಗಣಿತದ ಮಹದೇವು ಸರ್ ತರಗತಿಗೆ ಬಂದು, ಇದೇ ಇಪ್ಪತ್ತನೇ ತಾರೀಕು ನಮಗೆಲ್ಲ ಅಣಕು ಸಿಇಟಿ ಎಂದು ಘೋಷಿಸಿದರು. ನಿಜವಾದ ಸಿಇಟಿ ಇರುವುದು ಪಿಯುಸಿ ಆದ ಮೇಲೆ. ಅಂದರೆ ಇನ್ನು ಮೂರು ವರ್ಷಕ್ಕೆ. ಮೂರು ವರ್ಷಕ್ಕೆ ಮುಂಚೆಯೇ ಮಂಗಳಾರತಿ ಏಕೆ ಎಂದು ಪ್ರೀತಂ ಕೇಳಿದ. ಸರ್ ಹೇಳಿದರು, “ಈಜೋಕೆ ಇಳಿಯೋ ಮುಂಚೆ ಕಾಲಿಟ್ಟು ನೋಡಲ್ವೇನೋ, ಹಂಗೆ.” ಪ್ರೀತಂಗೆ ಈಜು ಬರುವುದಿಲ್ಲ.

ಅಣಕು ಎಂಬ ಪದ ಕೇಳಿ ನನ್ನ ಕಿವಿ ನೆಟ್ಟಗಾಯಿತು. ಕೊನೆಗೂ ಶಿಕ್ಷಣ ಇಲಾಖೆ ನನ್ನ ಕ್ಷೇತ್ರಕ್ಕೆ ಕಾಲಿಟ್ಟಿದೆ.

೧೦ ಜನವರಿ, ಶುಕ್ರವಾರ

ಇವತ್ತು ಒಎಂಆರ್ ಹಾಳೆಯ ದರ್ಶನವಾಯಿತು. ತಿಳಿಗುಲಾಬಿ ಬಣ್ಣ, ಮೈತುಂಬ ಪುಟ್ಟ ಪುಟ್ಟ ವೃತ್ತ. ಅಮ್ಮ ಧನುರ್ಮಾಸದಲ್ಲಿ ಇಡುವ ಚುಕ್ಕಿಯ ಹಾಗೆ. ಅಲ್ಲಿ ಚುಕ್ಕಿ ಸೇರಿಸಬೇಕು, ಇಲ್ಲಿ ಕಪ್ಪು ಪೆನ್ನಿನಲ್ಲಿ ತುಂಬಬೇಕು. ಪ್ರಶ್ನೆಪತ್ರಿಕೆ ಎ, ಬಿ, ಸಿ, ಡಿ ಎಂದು ನಾಲ್ಕು ಬಗೆ. ಪ್ರಶ್ನೆ ಅವೇ, ಕ್ರಮ ಬೇರೆ, ಪಕ್ಕದವರದ್ದು ನೋಡಿ ಬರೆಯದಿರಲಿ ಅಂತ. ನಮಗೆ ಬಂದ ಪತ್ರಿಕೆಯ ಅಕ್ಷರ ಯಾವುದೋ ಅದೇ ವೃತ್ತವನ್ನು ಹಾಳೆಯ ಮೇಲ್ಭಾಗದಲ್ಲಿ ತುಂಬಬೇಕು. ಅದಕ್ಕೆ ವರ್ಷನ್ ಕೋಡ್ ಎಂದು ಹೆಸರು. ಅದು ತಪ್ಪಿದರೆ ಯಂತ್ರ ಬೇರೆ ಪತ್ರಿಕೆಯ ಉತ್ತರ ಹಿಡಿದುಕೊಂಡು ನಮ್ಮ ಹಾಳೆ ತಿದ್ದುತ್ತದೆ. ಹಾಳೆ ಒಂದೇ ಇದ್ದುದರಿಂದ ಸರ್ ದೂರದಿಂದ ತೋರಿಸಿ ಮಡಿಚಿಟ್ಟರು.

ಸಂಜೆ ದೀಪಿಕ ಜೊತೆ ಮನೆಗೆ ನಡೆದುಕೊಂಡು ಬಂದೆ. ದೀಪಿಕ ನಮ್ಮ ತರಗತಿಗೆ ಮೊದಲಿಗಳು. ಊರು ಮಳವಳ್ಳಿಯ ಆಚೆ. ಇಲ್ಲಿ ಗುತ್ತಲಿನಲ್ಲಿ ಚಿಕ್ಕಮ್ಮ ದೇವಿರಮ್ಮನವರ ಮನೆಯಲ್ಲಿದ್ದುಕೊಂಡು ಓದುತ್ತಾಳೆ. ಮಾತು ಕಡಿಮೆ. ನಾನು ಇಬ್ಬರ ಪಾಲಿಗೂ ಆಡುವುದರಿಂದ ತೊಂದರೆಯಿಲ್ಲ.

ಇವತ್ತು ಅವಳೇ ಮಾತೆತ್ತಿದಳು. “ನಮ್ಮಪ್ಪ ನನ್ನ ಊರ್ಗೆ ಕರ್ಕಂಡ್ ಓಯ್ತೀನಿ ಅಂತದೆ ಕಣೆ. ಹತ್ತನೇ ಕ್ಲಾಸ್ ಅಲ್ಲೇ ಓದು ಅಂತ.”

“ಯಾಕಂತೆ?”

“ಇನ್ನೊಬ್ರ ಮನೇಲಿ ಎಷ್ಟು ದಿನ ಬುಟ್ಟಿರನ ಅಂತ. ಈ ಪರೀಕ್ಷೆ ಸುದ್ದಿ ಯೋಳ್ದೆ. ಅದ್ಕೆ, ಅದ್ರಲ್ಲಿ ಚೆಂದಾಗ್ ಬಂದ್ರೆ ಇಲ್ಲೇ ಇರು, ಇಲ್ದಿದ್ರೆ ವಾಪಸ್ ಬಾ ಅಂದ್ರು. ಕಬ್ಬು ಕಡಿಯೋಕ್ ಮುಂಚೆ ಒಂದ್ ಜಲ್ಲೆ ಹಿಂಡಿ ಸಿಹಿ ಎಷ್ಟದೆ ಅಂತ ಮೀಟ್ರಲ್ಲಿ ನೋಡ್ತಾರಲ್ಲ, ಹಂಗಂತೆ ಇದು.”

ಅವಳ ಅಪ್ಪ ಸಿದ್ದರಾಜು ಕಬ್ಬು ಬೆಳೆಯುವವರು. ನಾನು ಗಂಭೀರವಾಗಿ ಅವಳ ಕೈ ಹಿಡಿದು, ಹೆಬ್ಬೆರಳು ಹಿಂಡಿ, “ಇಪ್ಪತ್ತೆರಡು ಡಿಗ್ರಿ. ಕಟಾವಿಗೆ ಯೋಗ್ಯ” ಎಂದು ಘೋಷಿಸಿದೆ. ಅವಳು ಸ್ವಲ್ಪವೇ ನಕ್ಕಳು.

೧೮ ಜನವರಿ, ಶನಿವಾರ

ಈ ದಿನ ಶಾಲೆಯ ಚರಿತ್ರೆಯಲ್ಲಿ ಉಳಿಯತಕ್ಕದ್ದು.

ನಿನ್ನೆ ಅಣ್ಣನ ಕಂಪ್ಯೂಟರಿನಲ್ಲಿ ಒಂದು ಸೂಚನಾಪತ್ರ ತಯಾರಿಸಿದೆ. ‘ಅಣಕು ಪರೀಕ್ಷೆಗೆ ಹಾಜರಾಗುವ ವಿದ್ಯಾರ್ಥಿಗಳಿಗೆ ಹದಿನಾಲ್ಕು ಸೂಚನೆಗಳು.’ ಅರ್ಧ ಆಲೂಗಡ್ಡೆಯಲ್ಲಿ ದುಂಡನೆಯ ಸೀಲು ಕೆತ್ತಿ, ಅಮ್ಮನ ಸ್ತ್ರೀಶಕ್ತಿ ಸಂಘದ ಇಂಕುಪ್ಯಾಡಿನಲ್ಲಿ ಅದ್ದಿ ಒತ್ತಿದೆ. ಸೀಲಿನೊಳಗೆ ಏನು ಬರೆದಿದೆ ಎಂದು ಯಾರಿಗೂ ಕಾಣುವುದಿಲ್ಲ. ನಿಜವಾದ ಸೀಲಿನ ಲಕ್ಷಣವೂ ಅದೇ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ನೋಟಿಸ್ ಬೋರ್ಡಿಗೆ ಅಂಟಿಸಿದೆ.

ಮೊದಲ ಆರು ಸೂಚನೆ ಸರ್ ಹೇಳಿದ್ದೇ: ಕಪ್ಪು ಪೆನ್ನು, ವೈಟ್ನರ್ ಬೇಡ, ಇತ್ಯಾದಿ. ಆಮೇಲೆ ನನ್ನ ಸೇವೆ.

‘೭. ಪ್ರಶ್ನೆಪತ್ರಿಕೆಯ ಮೇಲೆ ಯಾವ ವರ್ಷನ್ ಕೋಡ್ ಮುದ್ರಿತವಾಗಿದ್ದರೂ ವಿದ್ಯಾರ್ಥಿನಿಯರು ಉತ್ತರ ಹಾಳೆಯಲ್ಲಿ ಬಿ ವೃತ್ತವನ್ನೇ ತುಂಬತಕ್ಕದ್ದು.
೮. ವೃತ್ತ ತುಂಬುವಾಗ ಉಸಿರು ಬಿಗಿಹಿಡಿಯತಕ್ಕದ್ದು.
೯. ಪರೀಕ್ಷಾ ಕೊಠಡಿಯನ್ನು ಎಡಗಾಲಿಟ್ಟು ಪ್ರವೇಶಿಸತಕ್ಕದ್ದು.
೧೦. ಉತ್ತರ ತೋಚದಿದ್ದಲ್ಲಿ ಪೂರ್ವ ದಿಕ್ಕಿಗೆ ನೋಡತಕ್ಕದ್ದು.
೧೧. ಜಾಮಿಟ್ರಿ ಬಾಕ್ಸಿನ ಎಡಮೂಲೆಯಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಳ್ಳತಕ್ಕದ್ದು. ನಿಂಬೆಹಣ್ಣು ಇಟ್ಟ ಮೇಲೂ ಬಾಕ್ಸು ಮುಚ್ಚತಕ್ಕದ್ದು.’

ಹನ್ನೆರಡು ಮತ್ತು ಹದಿಮೂರು ಪ್ರೀತಂನ ಕ್ರಾಪಿನ ಕುರಿತು. ಹದಿನಾಲ್ಕನೆಯದು: ‘ಮೇಲಿನ ಏಳರಿಂದ ಹದಿಮೂರರವರೆಗಿನ ಸೂಚನೆಗಳನ್ನು ನಂಬಿದವರು ಮೂರನೇ ಬೆಂಚಿನ ತೇಜು ಅವರನ್ನು ಕಂಡು ತಲೆಗೆ ಮೊಟಕಿಸಿಕೊಳ್ಳತಕ್ಕದ್ದು.’

ಎರಡನೇ ಪೀರಿಯಡ್ಡಿನ ಹೊತ್ತಿಗೆ ಇಡೀ ಕಾರಿಡಾರು ನಗುತ್ತಿತ್ತು. ಮಹದೇವು ಸರ್ ಓದಿದರು. ಹದಿಮೂರಕ್ಕೆ ಬಂದಾಗ ಅವರ ಮೀಸೆಯೂ ಅಲುಗಿದ್ದನ್ನು ಕಂಡವರಿದ್ದಾರೆ. ಆಮೇಲೆ ಹರಿದು ಕಸದಬುಟ್ಟಿಗೆ ಹಾಕಿ, “ಇದರ ಮಾತು ಇನ್ನೊಂದ್ಸಾರಿ ಯಾರ ಬಾಯಲ್ಲಾದ್ರೂ ಬಂದ್ರೆ ಮೈದಾನಕ್ಕೆ ಹತ್ತು ಸುತ್ತು” ಎಂದರು. ನನಗೆ ಮುಂಗಡವಾಗಿಯೇ ಹತ್ತು ಸುತ್ತು ಕೊಟ್ಟರು. ಓಡಿದೆ. ಕಲಾವಿದರಿಗೆ ಇದೆಲ್ಲ ಇದ್ದದ್ದೇ.

ದೀಪಿಕ ಮಾತ್ರ ಈ ವೈಭವ ನೋಡಲಿಲ್ಲ. ಊರಲ್ಲಿ ಹಸು ಕರು ಹಾಕಿದೆ ಎಂದು ಮೊದಲ ಪೀರಿಯಡ್ಡಿಗೇ ರಜೆ ಕೇಳಿ ಮಳವಳ್ಳಿ ಬಸ್ಸಿಗೆ ಓಡಿದ್ದಳು.

೨೦ ಜನವರಿ, ಸೋಮವಾರ

ಪರೀಕ್ಷೆ ನಡೆಯಿತು. ನೂರಿಪ್ಪತ್ತು ಪ್ರಶ್ನೆ, ಎರಡು ಗಂಟೆ. ಮದ್ದೂರಿನ ಒಂದು ಕೋಚಿಂಗ್ ಸೆಂಟರಿನವರು ಪತ್ರಿಕೆ, ಹಾಳೆ ಎಲ್ಲ ತಂದು ನಡೆಸಿಕೊಟ್ಟರು. ಗೊತ್ತಿದ್ದದ್ದು ಇಪ್ಪತ್ತು. ಉಳಿದದ್ದಕ್ಕೆ ಹಾವು ಹರಿದ ಹಾಗೆ ಎ, ಬಿ, ಸಿ, ಡಿ, ಮತ್ತೆ ಸಿ, ಬಿ, ಎ ಎಂದು ತುಂಬುತ್ತ ಹೋದೆ. ನೋಡಲು ಬಹಳ ಲಕ್ಷಣವಾಗಿತ್ತು.

ದೀಪಿಕ ಬಾಗಿಲ ಬಳಿ ಎಡವಿದವಳಂತೆ ಕಾಲು ಬದಲಾಯಿಸಿದಳು. ಊರಿಂದ ನೇರ ಬಂದು ಸುಸ್ತಾಗಿರಬೇಕು. ನನ್ನ ಹಿಂದೆಯೇ ಕೂತಿದ್ದಳು. ಅಲ್ಲಿಂದ ಒಂದು ಹುಳಿ ವಾಸನೆ. ಯಾರೋ ಡಬ್ಬಿಗೆ ಚಿತ್ರಾನ್ನ ತಂದಿರಬೇಕು ಎಂದುಕೊಂಡು ಕೊನೆಯ ಅರ್ಧ ಗಂಟೆ ಹಸಿವಿನಲ್ಲಿ ಕಳೆದೆ.

ಪ್ರಶ್ನೆಪತ್ರಿಕೆ ನಮಗೇ ಬಿಟ್ಟರು. ನಾನು ರಾಕೆಟ್ ಮಾಡಿದೆ.

೨೯ ಜನವರಿ, ಬುಧವಾರ

ಫಲಿತಾಂಶ ಬಂತು. ಪ್ರೀತಂ ೭೮, ತರಗತಿಗೆ ಮೊದಲು. ಎರಡು ದಿನ ಇವನನ್ನು ಹಿಡಿಯುವವರಿಲ್ಲ. ನಾನು ೪೭. ಹಾವು ಚೆನ್ನಾಗಿಯೇ ಹರಿದಿದೆ.

ದೀಪಿಕ ೨೩.

ನಲವತ್ತೊಂದು ಜನರಲ್ಲಿ ನಲವತ್ತನೆಯವಳು. ನಲವತ್ತೊಂದನೆಯವನು ಪರೀಕ್ಷೆಯಲ್ಲಿ ನಿದ್ದೆ ಮಾಡಿದ್ದ. ಸರ್ ಪಟ್ಟಿಯನ್ನು ಎರಡು ಸಲ ಓದಿ, ದೀಪಿಕಳ ಮುಖ ನೋಡಿ, “ಪರವಾಗಿಲ್ಲಮ್ಮ, ಇದು ಅಣಕು ಪರೀಕ್ಷೆ ಅಷ್ಟೆ” ಎಂದರು. ಅವಳು ತಲೆಯಾಡಿಸಿದಳು. ಮನೆಗೆ ಬರುವಾಗ ನಾನು ಬೆರಳು ಹಿಂಡುವ ಆಟ ಆಡಲು ಹೋದೆ. ಕೈ ಎಳೆದುಕೊಂಡಳು.

೩೦ ಜನವರಿ, ಗುರುವಾರ

ದೀಪಿಕ ಊಟದ ಹೊತ್ತಿನಲ್ಲಿ ರಫ್ ನೋಟು ತೆಗೆದು ತೋರಿಸಿದಳು. “ಎಲ್ಲಾನೂ ಸರ್ಯಾಗೇ ಮಾಡಿದ್ನಲ್ಲೆ. ಸೂಚ್ನೆ ಕೂಡ ಒಂದೊಂದಾಗಿ ಬರ್ಕಂಡ್ ಓಗಿದ್ದೆ. ಎಲ್ ತಪ್ಪಾಯ್ತು ಅಂತಾನೆ ಗೊತ್ತಾಯ್ತಿಲ್ಲ.”

ಅವಳ ದುಂಡನೆಯ ಅಕ್ಷರ. ಒಂದರಿಂದ ಹನ್ನೊಂದು. ಬಸ್ಸಿಗೆ ಹೊತ್ತಾಯಿತು ಎಂದು ಅಲ್ಲಿಗೇ ನಿಲ್ಲಿಸಿದ್ದಳು.

ಏಳನೆಯದರ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದಾಳೆ. ಮುಖ್ಯ ಅಂತ.

೩೧ ಜನವರಿ, ಶುಕ್ರವಾರ

ಈ ಪ್ರಕರಣವನ್ನು ನಿಷ್ಪಕ್ಷಪಾತವಾಗಿ ವಿಚಾರಣೆಗೆ ತೆಗೆದುಕೊಳ್ಳಲಾಯಿತು.

ಒಂದು, ಹದಿನಾಲ್ಕು ಓದದೆ ಹನ್ನೊಂದಕ್ಕೇ ನಿಲ್ಲಿಸಿದ್ದು ಓದುಗರ ತಪ್ಪು. ಎರಡು, ನಿಂಬೆಹಣ್ಣಿನ ಮಾತು ಬಂದ ಮೇಲಾದರೂ ಅನುಮಾನ ಬರಬೇಕಿತ್ತು. ಮೂರು, ಅವಳು ನಿಜವಾಗಿಯೂ ಓದಿರದೇ ಇರಬಹುದು. ಕರು ಹುಟ್ಟಿದ ಸಂಭ್ರಮ. ನಾಲ್ಕು, ಸರ್ ಬಾಯಿ ಮುಚ್ಚಿಸದಿದ್ದರೆ ಸೋಮವಾರ ಯಾರಾದರೂ ಅವಳಿಗೆ ಹೇಳಿರುತ್ತಿದ್ದರು. ಆದ್ದರಿಂದ ಸರ್ ತಪ್ಪು.

ತೀರ್ಪು ಬರೆಯಲಿಕ್ಕೆ ಪೆನ್ನಿನಲ್ಲಿ ಇಂಕು ಸಾಕಾಗಲಿಲ್ಲ.

ಸುಳ್ಳು. ಇಂಕು ಇತ್ತು.

೧ ಫೆಬ್ರವರಿ, ಶನಿವಾರ

ಬೆಳಿಗ್ಗೆ ದೀಪಿಕ ಹೇಳಿದಳು, ನಿನ್ನೆ ಅವಳ ಅಪ್ಪ ಫೋನ್ ಮಾಡಿದ್ದರಂತೆ. ವಾರ್ಷಿಕ ಪರೀಕ್ಷೆ ಮುಗಿದ ಕೂಡಲೇ ಟಿಸಿ. ಅರ್ಜಿಯನ್ನೂ ಬರೆಸಿ ಇಟ್ಟಿದ್ದಾರೆ. ಹೇಳುವಾಗ ಅವಳು ಅಳಲಿಲ್ಲ. ಡಬ್ಬಿಯ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದಳು.

ಸ್ಟಾಫ್ ರೂಮಿಗೆ ಹೋದೆ. ಸರ್ ಕಾಫಿ ಕುಡಿಯುತ್ತಿದ್ದರು.

“ಸರ್, ದೀಪಿಕಂಗೆ ಕಮ್ಮಿ ಬಂದಿರೋದು ನನ್ನಿಂದ. ಅವಳು ನನ್ನ ಸೂಚನೆ ನಂಬಿ ತಪ್ಪು ಕೋಡ್ ತುಂಬಿದ್ದಾಳೆ.”

“ಹೂಂ. ಇದು ಹದಿನೈದನೇ ಸೂಚನೆಯಾ?”

“ನಿಜ ಸರ್.”

“ಹೋದ ವರ್ಷ ಡಿಡಿಪಿಐ ಸಾಹೇಬ್ರು ಗೇಟಲ್ಲವ್ರೆ ನಿಜ ಸರ್ ಅಂದೆ. ಇಡೀ ಸ್ಟಾಫು ಬಿಸಿಲಲ್ಲಿ ನಿಂತಿದ್ವು, ಮರೆತೋಯ್ತಾ? ನೀನು ಮುಖ ಹಿಂಗೆ ಗಂಭೀರ ಮಾಡ್ಕೊಂಡಷ್ಟೂ ನಂಗೆ ಹೆದರಿಕೆ ಕಣಮ್ಮ. ಗೆಳತಿ ಮೇಲೆ ಪ್ರೀತಿ ಇದ್ರೆ ಕೂತ್ಕೊಂಡು ಇಬ್ರೂ ಓದಿ. ಹೋಗು.”

ಹಾಸ್ಯ ಮಾಡುವಾಗ ನಗಬಾರದು, ಅದು ಮೊದಲ ನಿಯಮ. ನಿಜ ಹೇಳುವಾಗ ಯಾವ ಮುಖ ಹಾಕಿಕೊಳ್ಳಬೇಕು ಎಂಬುದನ್ನು ನಾನು ಅಭ್ಯಾಸ ಮಾಡಿಲ್ಲ.

೨ ಫೆಬ್ರವರಿ, ಭಾನುವಾರ

ಅಪ್ಪನಿಗೆ ಇವತ್ತು ಓಟಿ ಇತ್ತು. ಬೈಕಿನಲ್ಲಿ ನಾನೂ ಬರುತ್ತೇನೆ, ಮದ್ದೂರಿನಲ್ಲಿ ಕೋಚಿಂಗ್ ಸೆಂಟರಿಗೆ ಹೋಗಬೇಕು ಎಂದೆ. ಯಾಕೆ ಎಂದು ಅಪ್ಪ ಕೇಳಲಿಲ್ಲ. ಗೆಜ್ಜಲಗೆರೆ ದಾಟಿಕೊಂಡು ಮದ್ದೂರಿಗೆ ಬಂದು ಬಿಟ್ಟರು.

ಸೆಂಟರಿನ ಸುನಿತಾ ಮೇಡಂ ಒಳ್ಳೆಯವರು. ದೀಪಿಕಳ ಹಾಳೆ ನೋಡಬೇಕು ಎಂದೆ. “ಹಾಳೆ ಎಲ್ಲಿದೆ ಪುಟ್ಟ? ಮಶೀನು ಅಂಕ ತೆಗೆದ ಮೇಲೆ ರದ್ದಿಗೆ ಹಾಕಿದ್ವಿ. ಪ್ರಾಕ್ಟೀಸ್ ಪರೀಕ್ಷೆಗೆ ಮರು ಎಣಿಕೆ ಕೇಳ್ಕೊಂಡು ಬಂದವಳು ನೀನೇ ಮೊದಲು” ಎಂದರು. ನಾಲ್ಕೂ ಪತ್ರಿಕೆಗಳ ಉತ್ತರ ಪಟ್ಟಿ ಕೊಟ್ಟರು.

ಮಧ್ಯಾಹ್ನ ಅಪ್ಪ ಬಂದು ವಡೆ ತಿಂತೀಯಾ ಎಂದರು. ಬೇಡ ಎಂದೆ. ಅಪ್ಪ ಹೆಲ್ಮೆಟ್ ತೆಗೆದು ನನ್ನ ಹಣೆ ಮುಟ್ಟಿ ನೋಡಿದರು.

೩ ಫೆಬ್ರವರಿ, ಸೋಮವಾರ

ಅಣ್ಣ ನೋಡಬೇಕಂತೆ ಎಂದು ಹೇಳಿ ದೀಪಿಕಳ ಪ್ರಶ್ನೆಪತ್ರಿಕೆ ಕೇಳಿ ತಂದೆ. ಅವಳು ಅದನ್ನು ರಾಕೆಟ್ ಮಾಡಿರಲಿಲ್ಲ. ಕಂದು ಕಾಗದದ ರಟ್ಟು ಹಾಕಿದ್ದಳು. ಹಾಳೆಯಲ್ಲಿ ತುಂಬಿದ ಪ್ರತಿ ಉತ್ತರವನ್ನೂ ಪತ್ರಿಕೆಯಲ್ಲಿ ಪೆನ್ಸಿಲ್ಲಿನಲ್ಲಿ ಗುರುತು ಮಾಡಿಕೊಂಡಿದ್ದಳು. ಅವಳಿಗೆ ಬಂದಿದ್ದು ಡಿ.

ಹೇಮಂತನಿಗೆ ಈ ವರ್ಷ ನಿಜವಾದ ಸಿಇಟಿ. ಪುಸ್ತಕದಿಂದ ತಲೆ ಎತ್ತಲು ಅವನಿಗೆ ನೆಪ ಬೇಕಿತ್ತು, ಕೂತ. ಮೊದಲು ಡಿ ಪಟ್ಟಿ ಹಿಡಿದು ಎಣಿಸಿದೆವು. ತೊಂಬತ್ತೊಂದು. ಪ್ರೀತಂಗಿಂತ ಹದಿಮೂರು ಹೆಚ್ಚು.

“ಈಗ ಬಿ ಪಟ್ಟಿ ಹಿಡಿದು ಎಣಿಸು” ಎಂದೆ. “ತಪ್ಪು ಪಟ್ಟಿ ಕಣೆ ಅದು” ಎಂದ. “ಎಣಿಸು.”

ನಾನು ಉತ್ತರ ಓದುತ್ತ ಹೋದೆ. ಅವನು ಸರಿಗೊಂದು ಗೆರೆ ಹಾಕುತ್ತ ಹೋದ. ನೂರನೇ ಪ್ರಶ್ನೆಗೆ ಹತ್ತೊಂಬತ್ತು ಗೆರೆ. ಇನ್ನು ಜಾಸ್ತಿಯಾಗಲಿ, ಮೂವತ್ತಾಗಲಿ, ಏನಾದರೂ ಬೇರೆ ಆಗಲಿ ಎಂದು ಒಳಗೊಳಗೇ ಬೇಡಿಕೊಂಡೆ. ಬೇರೆ ಬಂದರೆ ನನ್ನದಲ್ಲ ತಪ್ಪು.

ಇಪ್ಪತ್ತಮೂರು.

ಹೇಮಂತ್ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದ. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು.

೪ ಫೆಬ್ರವರಿ, ಮಂಗಳವಾರ

ಲೆಕ್ಕದ ಹಾಳೆ ಮಹದೇವು ಸರ್ ಮುಂದೆ ಇಟ್ಟೆ. ಅವರು ತಾವೇ ಎಣಿಸಿದರು. ಎರಡನೇ ಸಲ ಎಣಿಸಿದರು. ಕಾಫಿ ತಣ್ಣಗಾಯಿತು.

“ಶನಿವಾರ ಬಂದಾಗ ನಾನೇ ಕೇಳ್ಬೇಕಿತ್ತು” ಎಂದರು. ದೀಪಿಕಳ ಅಪ್ಪನಿಗೆ ಒಂದು ಪತ್ರ ಬರೆದು ಶಾಲೆಯ ಸೀಲು ಹಾಕಿ ಕೊಟ್ಟರು. ಸುತ್ತು ಓಡು ಎನ್ನಲಿಲ್ಲ. ನಾನೇ ನಾಲ್ಕು ಸುತ್ತು ಓಡಿದೆ. ಸುಮ್ಮನೆ. ಚಳಿ ಇತ್ತು.

೫ ಫೆಬ್ರವರಿ, ಬುಧವಾರ

ದೀಪಿಕಂಗೆ ಹೇಳಿದೆ. ದೇವಿರಮ್ಮನವರ ಮನೆಯ ಹಿತ್ತಲಲ್ಲಿ, ಅವಳು ಬಟ್ಟೆ ಒಣಹಾಕುತ್ತಿದ್ದಾಗ.

ಅವಳು ಕ್ಲಿಪ್ಪು ಕೈಯಲ್ಲಿ ಹಿಡಿದು ನಿಂತಳು. “ಸರ್ ಬೇರೆ ತರ ಯೋಳಿದ್ರು, ಆದ್ರೆ ಸೀಲ್ ಇತ್ತಲ್ಲೆ?”

“ಆಲೂಗಡ್ಡೆದು.”

ಇನ್ನೂ ಎರಡು ಬಟ್ಟೆ ಹಾಕಿದಳು. ಆಮೇಲೆ, “ಎಲ್ಲಾರೂ ನಕ್ಕುದ್ರಾ?” ಎಂದಳು.

“ನಿನ್ನ ನೋಡಿ ಅಲ್ಲ. ನೀನು ನಂಬಿದ್ದು ಯಾರಿಗೂ ಗೊತ್ತಿಲ್ಲ.”

“ನೀನು?”

“ನನಗೂ ಗೊತ್ತಿರಲಿಲ್ಲ ಕಣೆ.” ಪತ್ರ ಕೊಟ್ಟೆ. ಅವಳು ವಾಪಸ್ಸು ಕೊಟ್ಟಳು. “ನಾನ್ ಯೋಳುದ್ರೆ ನೆವ ಅಂತದೆ ನಮ್ಮಪ್ಪ. ನೀನೇ ಬಂದು ಯೋಳು. ಭಾನ್ವಾರ ಊರಲ್ಲಿರ್ತೀನಿ.”

ರಾತ್ರಿ ಊಟದಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ಅಮ್ಮ ಬಯ್ದರು, ನಾನು ಎಣಿಸಿದ್ದಂತೆಯೇ ಬಯ್ದರು. ಅಪ್ಪ ಮುದ್ದೆ ಮುಗಿಸಿ ಕೈ ತೊಳೆದು ಬಂದು, “ಭಾನ್ವಾರ ನಂಗ್ ರಜ. ಮಳವಳ್ಳಿಗೆ ಓಗನ ಬುಡು” ಎಂದರು.

೯ ಫೆಬ್ರವರಿ, ಭಾನುವಾರ

ಬೈಕಿನಲ್ಲಿ ಹೋಗುವಾಗ ಹೇಗೆ ಹೇಳಬೇಕೆಂದು ಅಭ್ಯಾಸ ಮಾಡಿಕೊಂಡೆ. ‘ಮಾನ್ಯರೇ’ ಎಂದು ಶುರುವಾಗುತ್ತಿತ್ತು. ಮಳವಳ್ಳಿ ದಾಟುವ ಹೊತ್ತಿಗೆ ಅದೆಲ್ಲ ಬಿಟ್ಟೆ.

ಸಿದ್ದರಾಜು ಜಗಲಿಯ ಮೇಲೆ ಕೂತಿದ್ದರು. ಎತ್ತರದ ಆಳು, ಮಾತು ನಿಧಾನ. ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಕಾಫಿ ತರಲು ಹೇಳಿದರು. ನಾನು ನಿಂತುಕೊಂಡೇ ಹೇಳಿದೆ. ಸೂಚನಾಪತ್ರ, ಸೀಲು, ಏಳನೇ ನಂಬರು, ತೊಂಬತ್ತೊಂದು, ಇಪ್ಪತ್ತಮೂರು, ಎಲ್ಲ. ಪತ್ರ ಕೊಟ್ಟೆ.

ಅವರು ಪತ್ರ ಓದಲಿಲ್ಲ. ಕೆಳಗಿನ ಸೀಲನ್ನು ಹೆಬ್ಬೆಟ್ಟಿನಿಂದ ತೀಡಿ ನೋಡಿದರು.

“ಇದೂ ಆಲೂಗೆಡ್ಡೆದೇನವ್ವಾ?”

ಅಪ್ಪ ಕೆಮ್ಮಿದರು.

“ನೋಡವ್ವ,” ಎಂದರು ಸಿದ್ದರಾಜು, “ಸ್ನೇಯ್ತೆ ಓಯ್ತಾಳಲ್ಲ ಅಂತ ನಿಂಗೆ ಸಂಕ್ಟ. ಅದ್ಕೆ ತಪ್ಪ ನಿನ್ ತಲೆ ಮೇಲಾಕಂಡ್ ಬಂದಿದ್ದೀಯ. ಒಳ್ಳೇ ಮನ್ಸೇಯ. ಆದ್ರೆ ಪೆನ್ಸಿಲ್ ಗುರ್ತು ಯಾವತ್ ಬೇಕಾದ್ರೂ ಹಾಕ್ಬೋದು. ಕಾಗ್ದ ಯಾರ್ ಬೇಕಾದ್ರೂ ಬರೀಬೋದು. ನೀನೇ ಯೋಳ್ದಲ್ಲ.”

ದೀಪಿಕ ಬಾಗಿಲ ಹತ್ತಿರ ನಿಂತಿದ್ದಳು. ಒಳಗೆ ಹೋಗಿ ರಫ್ ನೋಟು ತಂದು ತನ್ನ ಅಪ್ಪನ ಕೈಗೆ ಕೊಟ್ಟಳು. ಅವರು ಅದನ್ನು ನನಗೆ ಚಾಚಿದರು. “ಓದು. ಏನ್ ಬರ್ದಿದ್ದೆ ಕೇಳನ.”

ಓದಿದೆ. ಒಂದರಿಂದ ಆರು ಸಲೀಸಾಗಿ ಹೋಯಿತು. ಏಳು ಓದಿದೆ. ಎಂಟು ಓದುವಾಗ ದೀಪಿಕಳ ಕಡೆ ನೋಡಿದೆ, ನೆಲ ನೋಡುತ್ತಿದ್ದಳು. ನೂರಿಪ್ಪತ್ತು ಸಲ ಉಸಿರು ಬಿಗಿಹಿಡಿದಿದ್ದಾಳೆ. ಒಂಬತ್ತು. ಹತ್ತು. ಇದೇ ಸಾಲುಗಳಿಗೆ ಇಡೀ ಕಾರಿಡಾರು ನಕ್ಕಿತ್ತು. ಜಗಲಿಯಲ್ಲಿ ಕರು ಒಂದು ಸಲ ಕೂಗಿತು, ಅಷ್ಟೆ. ಹನ್ನೊಂದನೆಯದು ಓದುತ್ತಿದ್ದಂತೆ, ಕಾಫಿ ತಂದ ಇಂದ್ರಮ್ಮ, ದೀಪಿಕಳ ತಾಯಿ, ಲೋಟ ಹಿಡಿದು ಅಲ್ಲೇ ನಿಂತುಬಿಟ್ಟರು.

“ಏನಂದೆ ಮಗ? ನಿಂಬೆಅಣ್ಣಾ?”

“ಹೂಂ ಆಂಟಿ. ಬಾಕ್ಸಿನಲ್ಲಿ ಇಡಬೇಕು, ಇಟ್ಟ ಮೇಲೂ ಬಾಕ್ಸು ಮುಚ್ಚಬೇಕು ಅಂತ.”

“ಅಯ್ಯೋ ಸಿವ್ನೆ!” ಲೋಟ ಜಗಲಿಯ ಮೇಲಿಟ್ಟು ಗಂಡನ ಕಡೆ ತಿರುಗಿದರು. “ಕರ ಆಕಿದ್ ಮಾರ್ನೆ ದಿನ, ಭಾನ್ವಾರ, ಗಿಡದ್ ಕೆಳ್ಗೆ ಇವ್ಳು ಬಾಕ್ಸ್ ಇಡ್ಕಂಡ್ ನಿಂತಿದ್ಲು ಕಣಿ! ಒಂದೊಂದ್ ಕಾಯಿ ಕೀಳದು, ಬಾಕ್ಸೊಳಗ್ ಇಟ್ ನೋಡದು, ಆಗಲ್ಲ ಅಂತ ಬಿಸಾಕದು. ಇಷ್ಟಿಷ್ಟ್ ಗಾತ್ರದ್ ಅಣ್ಣವೆ, ಯಾಕವ್ವ ಎಳೇ ಕಾಯಿ ಕಿತ್ ಆಳ್ ಮಾಡೀಯೆ ಅಂತ ನಾನು ಬಯ್ದೆ. ಪರೀಕ್ಸೆಗೆ ಬೇಕು ಕಣವ್ವ ಅಂದ್ಲು. ಪರೀಕ್ಸೆಗೆ ಯಾರಾರ ನಿಂಬೆಕಾಯಿ ಕೇಳ್ತಾರಾ ಅಂದೆ. ಅಷ್ಟೇಯ, ಮಾತ್ನೇ ಆಡ್ನಿಲ್ಲ.”

ಸಿದ್ದರಾಜು ಮಗಳ ಕಡೆ ನೋಡಿದರು.

“ಎಡ್ಗಾಲೂ ಇಟ್ಟಾ?”

“ಊಂ.”

“ಪೂರ್ವಕ್ಕೂ ನೋಡ್ದಾ?”

“ಪೂರ್ವ ಯಾವ ಕಡೀಕೆ ಅಂತ ಗೊತ್ತಾಗ್ಲಿಲ್ಲ.”

ಅಪ್ಪನಿಗೆ ನಗು ಬಂತು, ತಡೆದುಕೊಂಡರು. ಸಿದ್ದರಾಜು ನಗಲಿಲ್ಲ. “ಬರ್ದು ಅಂಟ್ಸಿದ್ದನ್ನೆಲ್ಲ ನಂಬ್ಕಂಡು ನಿಂಬೆಕಾಯಿ ಒತ್ಕಂಡ್ ಓಗೋ ಮಗಳ್ನ ಪರ ಊರಲ್ಲಿ ಬುಟ್ಟು, ನಾನಿಲ್ಲಿ ನೆಮ್ದಿಯಾಗಿ ಉಣ್ಣದ್ ಎಂಗೆ?”

ಇದು ನಾನು ಎಣಿಸಿದ್ದಕ್ಕಿಂತ ಕೆಟ್ಟದಾಯಿತು ಎನಿಸಿತು. ನಿಜ ಹೇಳಿ ಅವಳನ್ನು ಇನ್ನೂ ಸಿಕ್ಕಿಸಿಬಿಟ್ಟೆ. ಬಾಯಿ ತೆರೆದೆ. ಅಷ್ಟರಲ್ಲಿ ದೀಪಿಕ ಮಾತಾಡಿದಳು.

“ಕೇಳಕ್ಕೆ ನಾಚ್ಕೆ ಆಯ್ತು ಕಣಪ್ಪ. ಎಲ್ಲಾರ್ಗೂ ಗೊತ್ತಿರ್ತದೆ, ನಂಗೊಬ್ಳಿಗೇ ಗೊತ್ತಿಲ್ಲ ಅನ್ಕಂಡೆ. ಊರ್ನೋಳು ಅಂತ ನಗ್ತಾರೆ ಅಂತ. ಇನ್ಮೇಲ್ ಕೇಳ್ತೀನಿ.”

“ಯಾರ್ನ?”

“ಎದ್ರಿಗಿರೋರ್ನ. ನಕ್ರೆ ನಗ್ಲಿ.”

ಸಿದ್ದರಾಜು ಅಂಗಿಯ ಜೇಬಿನಿಂದ ಮಡಿಚಿದ ಕಾಗದ ತೆಗೆದರು. ಟಿಸಿ ಅರ್ಜಿ. ಹರಿಯುತ್ತಾರೆ ಎಂದುಕೊಂಡೆ. ಹರಿಯಲಿಲ್ಲ. ಇಂದ್ರಮ್ಮನ ಕೈಗೆ ಕೊಟ್ಟು, “ಮಡಗು ಇದ. ಒಂದ್ ಜಲ್ಲೆ ಹಿಂಡಿ ಇಡೀ ಗದ್ದೆ ತೀರ್ಮಾನ ಮಾಡದು ತಪ್ಪೇಯ. ಇನ್ನೊಂದ್ ಪರೀಕ್ಸೆ ಬರ್ಲಿ, ನೋಡನ” ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀನು ಬರ್ಯದು ಚೆಂದಾಗೇ ಬರೀತೀಯ ಕಣವ್ವ. ಅದೇ ಕಷ್ಟ.”

ಹೊರಡುವಾಗ ಇಂದ್ರಮ್ಮ ಒಂದು ಚೀಲ ಅವರೆಕಾಯಿ ಕೊಟ್ಟರು. ಬೇಡ ಎನ್ನಲು ನಾಚಿಕೆ, ತೆಗೆದುಕೊಳ್ಳಲು ಇನ್ನೂ ನಾಚಿಕೆ. ಅಪ್ಪ ತೆಗೆದುಕೊಂಡರು.

೧೦ ಫೆಬ್ರವರಿ, ಸೋಮವಾರ

ದೀಪಿಕ ಮೂರನೇ ಬೆಂಚಿಗೆ ಬಂದು ಕೂತಳು. ಮಧ್ಯಾಹ್ನ ಬೀಜಗಣಿತದ ಒಂದು ಲೆಕ್ಕ ತೋರಿಸಿ, “ಇದು ನಿಂಗ್ ಗೊತ್ತಾ?” ಎಂದಳು. ಗೊತ್ತಿಲ್ಲ ಎಂದೆ. “ಕೇಳ್ಬೇಕು ತಾನೇ” ಎಂದಳು. ಹೇಳಿಕೊಟ್ಟಳು.

೬ ಮಾರ್ಚ್, ಗುರುವಾರ

ಬೀಜಗಣಿತ. ಮತ್ತೆ ಬೀಜಗಣಿತ. ಪ್ರೀತಂ ಬಂದು ಏಪ್ರಿಲ್ ಒಂದಕ್ಕೆ ಏನಾದರೂ ಯೋಜನೆ ಇದೆಯಾ ಎಂದು ಕೇಳಿದ. ನೋಡೋಣ ಎಂದೆ. ಈಗ ಪುರುಸೊತ್ತಿಲ್ಲ.

೫ ಜುಲೈ, ಶನಿವಾರ

ಹತ್ತನೇ ತರಗತಿ. ಎರಡನೇ ಅಣಕು ಸಿಇಟಿ.

ಒಳಗೆ ಹೋಗುವ ಮುಂಚೆ ದೀಪಿಕ ನನ್ನನ್ನು ಕಂಬದ ಹಿಂದಕ್ಕೆ ಕರೆದಳು. ಮುಖ ಬಹಳ ಗಂಭೀರವಾಗಿತ್ತು. ಮನೆಯಲ್ಲಿ ಏನಾದರೂ ಆಯಿತೇನೋ ಎಂದುಕೊಂಡೆ. ಅವಳು ನನ್ನ ಜಾಮಿಟ್ರಿ ಬಾಕ್ಸು ತೆಗೆಸಿ, ಎಡಮೂಲೆಯಲ್ಲಿ ಒಂದು ನಿಂಬೆಹಣ್ಣು ಇಟ್ಟಳು. ದಪ್ಪನೆಯದು.

“ಸೂಚ್ನೆ ಅನ್ನೊಂದು,” ಎಂದಳು. “ನಮ್ಮವ್ವ ಕಳ್ಸಿದ್ದು. ಮುಚ್ತಕ್ಕದ್ದು.”

ಮುಚ್ಚಲಿಲ್ಲ. ಅವಳ ತುಟಿ ಒಂದಿಷ್ಟೂ ಅಲುಗಲಿಲ್ಲ. ಇಷ್ಟು ಚೆನ್ನಾಗಿ ಯಾವಾಗ ಕಲಿತಳೋ.

ಕೊಠಡಿಯಲ್ಲಿ ಪತ್ರಿಕೆ ಹಂಚಿದ ಕೂಡಲೇ ಅವಳು ಎದ್ದು ನಿಂತಳು. “ಸರ್, ನಂದು ಸಿ. ಹಾಳೇಲೂ ಸೀನೇ ತುಂಬ್ಬೇಕಲ್ವಾ? ಒಂದ್ಸಾರಿ ಬಂದು ನೋಡಿ ಸರ್.” ಹಿಂದಿನ ಬೆಂಚಿನವರು ನಕ್ಕರು. ಅವಳು ಕೂರಲಿಲ್ಲ. ಸರ್ ಬಂದು ನೋಡಿ ಸರಿ ಎಂದ ಮೇಲೆಯೇ ಕೂತಳು. ಹೇಗೂ ಎದ್ದು ಬಂದದ್ದಾಯಿತು ಎಂದು ಸರ್ ಎಲ್ಲರ ಹಾಳೆಯನ್ನೂ ನೋಡುತ್ತ ಬಂದರು.

ನನ್ನ ವರ್ಷನ್ ಕೋಡ್ ಖಾಲಿ ಇತ್ತು. ತುಂಬುವುದನ್ನೇ ಮರೆತಿದ್ದೆ.

೧೭ ಜುಲೈ, ಗುರುವಾರ

ದೀಪಿಕ ೯೬. ಮೊದಲು. ನಾನು ೭೦. ಇದರಲ್ಲಿ ಹಾವಿನದು ನಾಲ್ಕೈದು ಇರಬಹುದು, ಉಳಿದದ್ದು ನಂದೇ.

ಸಿದ್ದರಾಜು ಫೋನ್ ಮಾಡಿದ್ದರಂತೆ. ಟಿಸಿ ಅರ್ಜಿಯ ಕಾಗದದಲ್ಲಿ ಇಂದ್ರಮ್ಮ ಬೆಂಡೆ ಬೀಜ ಕಟ್ಟಿಟ್ಟಿದ್ದಾರಂತೆ.

ನಿಂಬೆಹಣ್ಣು ಇನ್ನೂ ಬಾಕ್ಸಿನಲ್ಲೇ ಇದೆ. ಎಸೆಯಬೇಕೆಂದು ಇವತ್ತು ತೆಗೆದೆ. ಒಣಗಿ, ಕಂದುಬಣ್ಣಕ್ಕೆ ತಿರುಗಿ, ಸುಕ್ಕುಗಟ್ಟಿ ಕುಗ್ಗಿದೆ. ಎಡಮೂಲೆಯಲ್ಲೇ ಮತ್ತೆ ಇಟ್ಟು ಒತ್ತಿದೆ.

ಬಾಕ್ಸು ಮುಚ್ಚಿತು.